ನಡುಗುವ ಕೈ, ಮೆದುಳೊಳಗಿನ ತಂತಿ

ಮೊನ್ನೆ ಎಂಟನೇ ತರಗತಿಯಲ್ಲಿ ಪಾಠ ಮುಗಿಸಿ ಹೊರಬರುವಾಗ ಒಬ್ಬ ಹುಡುಗ ಹಿಂದೆಯೇ ಬಂದ. "ಸರ್, ನಮ್ಮ ಅಜ್ಜನ ಕೈ ಯಾವಾಗ್ಲೂ ನಡುಗ್ತದೆ. ತಲೆಯೊಳಗೆ ತಂತಿ ಇಟ್ಟು ಕರೆಂಟು ಕೊಡುವ ಆಪರೇಷನ್ ಉಂಟು ಅಂತ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದ್ರಂತೆ. ಅಜ್ಜನಿಗೆ ಹೆದರಿಕೆ. ಕರೆಂಟು ಕೊಟ್ರೆ ಸಾಯುದಿಲ್ವಾ ಸರ್?"

ನಾನು ಬಿ.ಎ.ಯಲ್ಲಿ ಚರಿತ್ರೆ ಓದಿದವನು, ವಿಜ್ಞಾನದವನಲ್ಲ. ಆದರೆ ಓದುತ್ತಾ ಹೋದಂತೆ ಹುಡುಗನ ಪ್ರಶ್ನೆಗೆ ಚರಿತ್ರೆಯಲ್ಲೇ ಉತ್ತರವಿದೆ ಎನ್ನಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ನಡುಕದ ರೋಗದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದ. ಅದರಲ್ಲಿದ್ದುದು ಆರೇ ಜನ ರೋಗಿಗಳ ವಿವರ. ಅವರಲ್ಲಿ ಕೆಲವರನ್ನು ಅವನು ಕಂಡದ್ದು ಬೀದಿಯಲ್ಲಿ! ಮುಂದೆ ರೋಗಕ್ಕೆ ಅವನ ಹೆಸರೇ ನಿಂತಿತು. ನಮ್ಮ ಆಯುರ್ವೇದದಲ್ಲಿ ಕಂಪವಾತ ಎನ್ನುವುದು ಇಂಥ ನಡುಕವನ್ನೇ. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಸಾಯುವುದೇ ಈ ರೋಗದ ಮೂಲ ಎಂದು ತಿಳಿಯಲು ಇಪ್ಪತ್ತನೇ ಶತಮಾನದ ನಡುಭಾಗದವರೆಗೂ ಕಾಯಬೇಕಾಯಿತು.

ಅಷ್ಟರಲ್ಲಿ ಶಸ್ತ್ರವೈದ್ಯರು ಬೇರೊಂದು ದಾರಿ ಹಿಡಿದಿದ್ದರು. 1952ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಕೂಪರ್ ಒಬ್ಬ ರೋಗಿಯ ತಲೆಯ ಶಸ್ತ್ರಕ್ರಿಯೆ ಮಾಡುವಾಗ ಅಕಸ್ಮಾತ್ತಾಗಿ ಒಂದು ರಕ್ತನಾಳ ಹರಿಯಿತು. ಅದನ್ನು ಮುಚ್ಚಿ ಶಸ್ತ್ರಕ್ರಿಯೆಯನ್ನು ಅಲ್ಲಿಗೇ ನಿಲ್ಲಿಸಿದರು. ರೋಗಿಗೆ ಎಚ್ಚರವಾದಾಗ ನಡುಕ ಇರಲಿಲ್ಲ, ಕೈಕಾಲು ಬಿದ್ದೂ ಹೋಗಿರಲಿಲ್ಲ! ಆ ಬಳಿಕ ಮೆದುಳಿನ ಆಳದಲ್ಲಿ ಸಣ್ಣ ಜಾಗವೊಂದನ್ನು ಬೇಕೆಂದೇ ನಾಶಪಡಿಸುವ ಚಿಕಿತ್ಸೆ ಹರಡಿತು. ಬೆಂಗಳೂರಿನಲ್ಲಿ ನಿಮ್ಹಾನ್ಸಿನ ಮೊದಲ ನಿರ್ದೇಶಕರಾದ ಡಾ. ಆರ್. ಎಂ. ವರ್ಮ ಅವರೂ ಪಾರ್ಕಿನ್ಸನ್ ರೋಗಿಗಳಿಗಾಗಿ ತಮ್ಮದೇ ಒಂದು ಶಸ್ತ್ರಕ್ರಿಯಾ ವಿಧಾನವನ್ನು ರೂಪಿಸಿದ್ದರು. ಆದರೆ ಸುಟ್ಟದ್ದು ಮರಳಿ ಬಾರದು. ಮೆದುಳಿನ ಎರಡೂ ಬದಿಗೆ ಹೀಗೆ ಮಾಡಿದರೆ ಮಾತೇ ತೊದಲುವ ಅಪಾಯವಿತ್ತು.

1967ರಲ್ಲಿ ಎಲ್-ಡೋಪಾ ಎಂಬ ಔಷಧಿಯನ್ನು ನಿಧಾನವಾಗಿ ಹೆಚ್ಚಿಸುತ್ತಾ ಕೊಟ್ಟರೆ ಗುಣ ಕಾಣುತ್ತದೆ ಎಂದು ಅಮೆರಿಕದ ಜಾರ್ಜ್ ಕೋಟ್ಜಿಯಾಸ್ ತೋರಿಸಿದರು. ಇಲ್ಲಿ ನಮ್ಮೂರಿಗೂ ಒಂದು ನಂಟಿದೆ. ತಾಗಿದರೆ ಮೈಯೆಲ್ಲ ತುರಿಸುವ ನಸುಗುನ್ನಿ, ಅಂದರೆ ಮಲಯಾಳದ ನಾಯ್ಕುರಣದ ಬೀಜದಿಂದ ಇದೇ ವಸ್ತುವನ್ನು 1937ರಷ್ಟು ಹಿಂದೆಯೇ ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿದ್ದರು. ಆಗ ನಮ್ಮ ಕಾಸರಗೋಡೂ ಮದ್ರಾಸು ಪ್ರಾಂತ್ಯದಲ್ಲೇ ಇತ್ತು! (ಹಾಗೆಂದು ಯಾರೂ ಆ ಬೀಜ ತಿನ್ನಲು ಹೋಗಬೇಡಿ.) ಮಾತ್ರೆ ಬಂದ ಮೇಲೆ ಶಸ್ತ್ರಕ್ರಿಯೆಗಳು ಕಡಿಮೆಯಾದವು. ಆದರೆ ಕೆಲವು ವರ್ಷಗಳಲ್ಲಿ ಮಾತ್ರೆಯ ಪರಿಣಾಮ ಬೇಗ ಇಳಿಯತೊಡಗುತ್ತದೆ, ಮೈ ತಾನಾಗಿ ತಿರುಚಿಕೊಳ್ಳುವ ತೊಂದರೆಯೂ ಬರುತ್ತದೆ. ಹಾಗಾಗಿ ಮತ್ತೆ ಶಸ್ತ್ರವೈದ್ಯರ ಕಡೆಗೆ ನೋಡಬೇಕಾಯಿತು.

1987. ಫ್ರಾನ್ಸಿನ ಗ್ರೆನೋಬಲ್ ನಗರ. ಸುಡುವ ಮುನ್ನ ಜಾಗ ಸರಿಯಿದೆಯೇ ಎಂದು ನೋಡಲು ಅಲ್ಲಿಗೆ ಸ್ವಲ್ಪ ಕರೆಂಟು ಕೊಡುವುದು ಶಸ್ತ್ರವೈದ್ಯರ ರೂಢಿ. ಡಾ. ಅಲಿಂ ಲೂಯಿ ಬೆನಬಿದ್ ಸೆಕೆಂಡಿಗೆ ಸುಮಾರು 100 ಬಾರಿ ಮಿಡಿಯುವಂತೆ ಕರೆಂಟು ಕೊಟ್ಟಾಗ ನಡುಕ ನಿಂತಿತು, ತೆಗೆದಾಗ ಮರಳಿತು. ಹಾಗಾದರೆ ಸುಡುವುದೇಕೆ? ತಂತಿಯನ್ನು ಅಲ್ಲೇ ಬಿಡಬಾರದೇಕೆ? ಮೆದುಳಿಗೆ ಕರೆಂಟು ಕೊಡುವ ಪ್ರಯತ್ನಗಳು ಹಿಂದೆಯೂ ನಡೆದಿದ್ದವು. ಆದರೆ ಸುಡುವುದರ ಬದಲಿಗೆ ಇದನ್ನೇ ಶಾಶ್ವತ ಚಿಕಿತ್ಸೆಯನ್ನಾಗಿ ನೆಲೆಗೊಳಿಸಿದ್ದು ಅವರ ತಂಡ. ಒಂದು ಬದಿಯನ್ನು ಸುಟ್ಟಿದ್ದ ರೋಗಿಗಳಿಗೆ ಇನ್ನೊಂದು ಬದಿಗೆ ಅವರು ತಂತಿ ಇಟ್ಟರು.

1990ರಲ್ಲಿ ಅಮೆರಿಕದ ಮಹ್ಲಾನ್ ಡಿಲಾಂಗ್ ಅವರ ತಂಡ ಮಂಗಗಳಲ್ಲಿ ಪ್ರಯೋಗ ಮಾಡಿ, ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗದ ಅತಿ ಚಟುವಟಿಕೆಯನ್ನು ತಡೆದರೆ ಚಲನೆ ಸುಧಾರಿಸುತ್ತದೆ ಎಂದು ತೋರಿಸಿತು. 1993ರಲ್ಲಿ ಗ್ರೆನೋಬಲ್ ತಂಡ ಅಲ್ಲಿಗೇ ತಂತಿ ಇಟ್ಟಿತು. 2014ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು.

ಇನ್ನು ಹುಡುಗನ ಪ್ರಶ್ನೆ. ತಂತಿಯ ದಪ್ಪ ಸುಮಾರು 1.27 ಮಿಲಿಮೀಟರ್. ಅದು ಕತ್ತಿನ ಚರ್ಮದಡಿಯಿಂದ ಇಳಿದು ಕಾಲರ್ ಮೂಳೆಯ ಕೆಳಗೆ ಇಟ್ಟ ಬ್ಯಾಟರಿ ಪೆಟ್ಟಿಗೆಗೆ ಸೇರುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 130 ಮಿಡಿತ, ಅದೂ ಕೆಲವೇ ವೋಲ್ಟಿನದು. ಇದು ಮನೆಯ ಕರೆಂಟಿನ ಶಾಕ್ ಅಲ್ಲ. ರೋಗದಲ್ಲಿ ಆ ಭಾಗದ ನರಕೋಶಗಳು ಒಂದೇ ತಾಳಕ್ಕೆ ಮಿಡಿಯತೊಡಗುತ್ತವೆ. ಇಡೀ ತರಗತಿ ಒಟ್ಟಾಗಿ ಮಗ್ಗಿ ಕೂಗುವಾಗ ಮೇಷ್ಟ್ರ ಮಾತು ಯಾರಿಗೂ ಕೇಳದ ಹಾಗೆ! ವೇಗದ ಈ ಮಿಡಿತ ಆ ತಾಳವನ್ನು ಮುರಿಯುತ್ತದೆ. ಪೂರ್ಣ ವಿವರಣೆಯ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ನಡೆಯುತ್ತಿದೆ.

ಇದರಿಂದ ರೋಗ ವಾಸಿಯಾಗುವುದಿಲ್ಲ, ನಡುಕ ಮತ್ತು ಬಿಗಿತ ಹತೋಟಿಗೆ ಬರುತ್ತವೆ ಅಷ್ಟೆ. ಮರೆವು ಸರಿಹೋಗದು. ರಕ್ತಸ್ರಾವ, ಸೋಂಕಿನ ಅಪಾಯ ಕಡಿಮೆಯಾದರೂ ಇದ್ದೇ ಇದೆ. ಖರ್ಚು ಲಕ್ಷಗಟ್ಟಲೆ. ಎಲ್ಲ ರೋಗಿಗಳಿಗೂ ಇದು ಹೊಂದುವುದಿಲ್ಲ.

ಹುಡುಗನಿಗೆ ಹೀಗೆ ಹೇಳಿದೆ: "ಕರೆಂಟಿನಿಂದ ಅಜ್ಜ ಸಾಯುದಿಲ್ಲ ಮಾರಾಯ. ಆಪರೇಷನ್ ಅಂದ ಮೇಲೆ ಸ್ವಲ್ಪ ಅಪಾಯ ಉಂಟು, ಅದನ್ನು ಡಾಕ್ಟರ ಹತ್ರ ಕೇಳಿ. ಆದರೆ ಮೊದಲಿನವರು ಸುಡುತ್ತಿದ್ದರು, ಈಗ ಹೆಚ್ಚು ಕಡಿಮೆ ಮಾಡಬಹುದು, ಬೇಡವೆಂದರೆ ಆಫ್ ಕೂಡ ಮಾಡಬಹುದು. ಮಾಡಿಸುವುದೋ ಬಿಡುವುದೋ ಅಜ್ಜನೇ ಹೇಳಲಿ."

ಮಿತ್ರರೇ, ಚಾ ಗ್ಲಾಸು ಹಿಡಿದ ಹಿರಿಯರ ಕೈ ನಡುಗಿದರೆ ಕುಡಿದಿದ್ದಾರೆಂದು ನಗುವವರು ನಮ್ಮ ಪೇಟೆಯಲ್ಲೂ ಇದ್ದಾರೆ. ನಗಬೇಡಿ. ಅವರನ್ನು ಒಮ್ಮೆ ನರರೋಗ ತಜ್ಞರ ಬಳಿಗೆ ಕರೆದೊಯ್ಯಿರಿ.