ಕಟ್ಟೆ, ಮೆಟ್ಟಿಲು, ಅಂಚು: ಸ್ಕೇಟ್‌ಬೋರ್ಡಿಂಗ್ ಮತ್ತು ಆಧುನಿಕ ನಗರ ವಾಸ್ತುಶಿಲ್ಪ

1948ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಡಾನೆಲ್ ಕುಟುಂಬಕ್ಕಾಗಿ ಒಂದು ತೋಟ ಸಿದ್ಧವಾಯಿತು. ಅದರ ನಡುವೆ ಗೋಡಂಬಿಯಾಕಾರದ ಈಜುಕೊಳ, ಕೊಳದ ನಡುವೆ ಶಿಲ್ಪಿ ಅಡಲಿನ್ ಕೆಂಟ್ ಮಾಡಿದ ಅಮೂರ್ತ ಶಿಲ್ಪ. ತೋಟದ ವಿನ್ಯಾಸ ಥಾಮಸ್ ಚರ್ಚ್ ಅವರದು. ಅವರ ಕಚೇರಿಯಲ್ಲಿದ್ದ ಲಾರೆನ್ಸ್ ಹಾಲ್‌ಪ್ರಿನ್ ಎಂಬ ತರುಣ ವಿನ್ಯಾಸಕಾರನೂ ಆ ಕೆಲಸದಲ್ಲಿ ಕೈಜೋಡಿಸಿದ್ದ. ಆ ಬಳುಕು ರೇಖೆಯ ಕೊಳ ಪತ್ರಿಕೆಗಳಲ್ಲಿ ಪ್ರಸಿದ್ಧವಾಯಿತು, ಮುಂದಿನ ದಶಕಗಳಲ್ಲಿ ಕ್ಯಾಲಿಫೋರ್ನಿಯಾದ ಮಧ್ಯಮವರ್ಗದ ಹಿತ್ತಿಲುಗಳಿಗೂ ಇಳಿಯಿತು. 1970ರ ದಶಕದ ಮಧ್ಯದಲ್ಲಿ ಬರ ಬಂದು ಕೊಳಗಳು ಬರಿದಾದಾಗ, ಲಾಸ್ ಏಂಜಲೀಸ್ ಸುತ್ತಮುತ್ತಲ ಹುಡುಗರು ಸ್ಕೇಟ್‌ಬೋರ್ಡ್ ಹಿಡಿದು ಬೇಲಿ ಹಾರಿ ಒಳಗಿಳಿದರು. ತಳದಿಂದ ಗೋಡೆಗೆ ಏರುವ ಸಿಮೆಂಟಿನ ಬಾಗು ಅವರ ಪಾಲಿಗೆ ನಿಂತ ಅಲೆಯಾಯಿತು.

ಗಾಲಿಯಲ್ಲಿ ಆದ ಬದಲಾವಣೆಯಿಲ್ಲದೆ ಇದು ಸಾಧ್ಯವಿರಲಿಲ್ಲ. ಹಳೆಯ ಗಟ್ಟಿ ಗಾಲಿಗಳು ಸಣ್ಣ ಕಲ್ಲು ಸಿಕ್ಕರೂ ತಡೆದು ನಿಲ್ಲುತ್ತಿದ್ದವು. ಫ್ರ್ಯಾಂಕ್ ನ್ಯಾಸ್‌ವರ್ದಿ 1970ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದ ಯುರೆಥೇನ್ ಗಾಲಿ ನೆಲಕ್ಕೆ ಕಚ್ಚಿಕೊಂಡು ಓಡುತ್ತಿತ್ತು. ಆ ದಶಕ ಮುಗಿಯುವ ಹೊತ್ತಿಗೆ ವಿಮೆ ಮತ್ತು ಪರಿಹಾರದ ಭಯದಿಂದ ಖಾಸಗಿ ಸ್ಕೇಟ್‌ಪಾರ್ಕುಗಳು ಒಂದೊಂದಾಗಿ ಮುಚ್ಚಿದವು. ಆಟಕ್ಕೆ ಉಳಿದದ್ದು ಬೀದಿ.

ಬೀದಿಯನ್ನು ಆಟದ ಅಂಗಳವಾಗಿಸಿದ ತಂತ್ರವೆಂದರೆ ಆಲಿ. ಹಿಂಗಾಲಿನಿಂದ ಹಲಗೆಯ ಬಾಲವನ್ನು ನೆಲಕ್ಕೆ ಬಡಿದು, ಮುಂಗಾಲನ್ನು ಹಲಗೆಯ ಮೇಲೆ ಉಜ್ಜುತ್ತ ಮುಂದಕ್ಕೆ ಸರಿಸಿದರೆ ಕೈ ತಾಕಿಸದೆಯೇ ಹಲಗೆ ಕಾಲಿನ ಜೊತೆ ಮೇಲೇಳುತ್ತದೆ. ಫ್ಲೋರಿಡಾದ ಅಲನ್ ಗೆಲ್‌ಫಾಂಡ್ ಇದನ್ನು ಬಾಗು ಗೋಡೆಗಳ ಮೇಲೆ ಸಾಧಿಸಿದ್ದ. ರಾಡ್ನಿ ಮಲ್ಲನ್ 1980ರ ದಶಕದ ಆರಂಭದಲ್ಲಿ ಸಮತಟ್ಟು ನೆಲಕ್ಕೆ ತಂದ. ಅಂದಿನಿಂದ ಮೊಣಕಾಲೆತ್ತರದ ಪ್ರತಿ ಕಟ್ಟೆಯೂ ಏರಬಹುದಾದ ಜಾಗವಾಯಿತು, ಗಾಲಿಗಳನ್ನು ಹಿಡಿದ ಲೋಹದ ಅಚ್ಚನ್ನು ಕಟ್ಟೆಯ ಅಂಚಿನ ಮೇಲೆ ಜಾರಿಸುವುದು ಒಂದು ಕಲೆಯಾಯಿತು. ಅಂಚು ಸಲೀಸಾಗಿ ಜಾರಲೆಂದು ಹುಡುಗರು ಅದಕ್ಕೆ ಮೇಣ ತಿಕ್ಕುತ್ತಾರೆ. ಹಳೆಯ ಸ್ಕೇಟ್ ತಾಣಗಳಲ್ಲಿ ಕಲ್ಲಿನ ಅಂಚು ಕಪ್ಪಗೆ ಮಿರುಗುವುದು ಇದರಿಂದಲೇ.

ಆಧುನಿಕ ವಾಸ್ತುಶಿಲ್ಪ ಇದಕ್ಕೆ ಬೇಕಾದದ್ದನ್ನೆಲ್ಲ ಆಗಲೇ ಕಟ್ಟಿಟ್ಟಿತ್ತು. ಎರಡನೇ ಮಹಾಯುದ್ಧದ ನಂತರದ ನಗರ ನವೀಕರಣ ಯೋಜನೆಗಳು ಅಲಂಕಾರವಿಲ್ಲದ ಕಲ್ಲು, ವಿಶಾಲ ಮೆಟ್ಟಿಲು, ಇಳಿಜಾರು, ಉದ್ದುದ್ದ ಕಟ್ಟೆಗಳಿರುವ ಚೌಕಗಳನ್ನು ಅಮೆರಿಕದ ನಗರಕೇಂದ್ರಗಳ ತುಂಬ ನಿರ್ಮಿಸಿದ್ದವು. ಸ್ಯಾನ್ ಫ್ರಾನ್ಸಿಸ್ಕೊದ ಎಂಬಾರ್ಕಡೆರೊ ಚೌಕ ಅಂಥದೊಂದು. ಅದರ ವಿನ್ಯಾಸಕಾರರೂ ಹಾಲ್‌ಪ್ರಿನ್ ಅವರೇ! ಡಾನೆಲ್ ತೋಟದಲ್ಲಿ ದುಡಿದ ಕೈ 1970ರ ದಶಕದ ಆರಂಭದಲ್ಲಿ ಈ ಇಟ್ಟಿಗೆ ಹಾಸಿನ ಚೌಕವನ್ನೂ ರೂಪಿಸಿತು. ಅಲ್ಲಿನ ಕಾಂಕ್ರೀಟಿನ ದೈತ್ಯ ಕಾರಂಜಿ 1971ರಲ್ಲಿ ಆರ್ಮಾಂಡ್ ವೈಯಾಂಕೂರ್ ಮಾಡಿದ್ದು. 1990ರ ಸುಮಾರಿಗೆ ಬೀದಿ ಸ್ಕೇಟಿಂಗಿನ ಜಗತ್ತಿಗೆಲ್ಲ ಈ ಚೌಕವೇ ರಾಜಧಾನಿ. ಈ ನಂಟನ್ನು ನಾನು ಬರಿಯ ಕಾಕತಾಳೀಯವೆಂದು ನೋಡುವುದಿಲ್ಲ. ಹಾಲ್‌ಪ್ರಿನ್ ಅವರ ಪತ್ನಿ ಆ್ಯನಾ ನೃತ್ಯ ಕಲಾವಿದೆ. ಸ್ವತಃ ಹಾಲ್‌ಪ್ರಿನ್ ಜಾಗದಲ್ಲಿ ದೇಹ ಚಲಿಸುವ ಬಗೆಯನ್ನು ಬರೆದಿಡಲು ಒಂದು ಸಂಕೇತಲಿಪಿಯನ್ನೇ ರೂಪಿಸಿದವರು. ಚಲಿಸುವ ದೇಹವನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಜಾಗ, ಕಟ್ಟಿದವರು ಎಣಿಸದ ಚಲನೆಗೂ ತೆರೆದುಕೊಳ್ಳುತ್ತದೆ.

ಇಷ್ಟಾದರೂ ಈ ಚರಿತ್ರೆಯ ತಿರುಳು ಇರುವುದು ಫಿಲಡೆಲ್ಫಿಯಾದಲ್ಲಿ. ಅಲ್ಲಿನ ಜಾನ್ ಎಫ್. ಕೆನಡಿ ಚೌಕದ ಕಲ್ಪನೆ ಎಡ್ಮಂಡ್ ಬೇಕನ್ ಅವರು 1932ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬರೆದ ಪ್ರಬಂಧದಷ್ಟು ಹಳೆಯದು. 1949ರಿಂದ 1970ರವರೆಗೆ ನಗರ ಯೋಜನಾ ಆಯೋಗವನ್ನು ಮುನ್ನಡೆಸಿದ ಬೇಕನ್ ತಮ್ಮ ಅಧಿಕಾರಾವಧಿಯಲ್ಲಿ ಅದು ನಿರ್ಮಾಣಗೊಳ್ಳುವಂತೆ ನೋಡಿಕೊಂಡರು. ವಾಸ್ತುಶಿಲ್ಪಿ ವಿನ್ಸೆಂಟ್ ಕ್ಲಿಂಗ್ ನೆಲದಡಿಯ ವಾಹನ ನಿಲುಗಡೆಯ ಮೇಲೆ 1965ರಲ್ಲಿ ಅದನ್ನು ಪೂರ್ಣಗೊಳಿಸಿದರು. 1976ರಲ್ಲಿ ರಾಬರ್ಟ್ ಇಂಡಿಯಾನ ಅವರ ‘ಲವ್’ ಅಕ್ಷರಶಿಲ್ಪ ಬಂದು ನಿಂತ ಮೇಲೆ ಜನ ಅದನ್ನು ಲವ್ ಪಾರ್ಕ್ ಎಂದೇ ಕರೆದರು. ಪ್ರವಾಸಿಗರು ಫೋಟೊ ತೆಗೆಸಿಕೊಂಡದ್ದು ಆ ಅಕ್ಷರಗಳ ಮುಂದೆ. ಸ್ಕೇಟರುಗಳ ಕಣ್ಣು ಮಾತ್ರ ಅದರ ಸುತ್ತಲಿನ ಗ್ರಾನೈಟಿನ ಮೇಲಿತ್ತು. ನೆಲಕ್ಕೆ ಹಾಸಿದ್ದ ಚೌಕಾಕಾರದ ಚಪ್ಪಡಿಗಳಲ್ಲಿ ಸಡಿಲವಾದದ್ದೊಂದನ್ನು ಎತ್ತಿ, ಕೆಳಗೆ ಏನಾದರೂ ಒತ್ತುಕೊಟ್ಟು ಓರೆಯಾಗಿ ನಿಲ್ಲಿಸಿದರೆ ಅದೇ ಜಿಗಿಹಲಗೆ. ಅದನ್ನೇರಿ ಕಸದ ತೊಟ್ಟಿಯ ಮೇಲಿಂದ ಹಾರಿ ಅತ್ತ ಇಳಿಯುತ್ತಿದ್ದರು. ನೀರಿಲ್ಲದ ಕಾರಂಜಿಯ ಕೊಳಕ್ಕೆ ಮೆಟ್ಟಿಲ ಮೇಲಿಂದ ಧುಮುಕುವುದು ಎಂಟೆದೆಯವರಿಗೆ ಮಾತ್ರ ಆಗುವ ಕೆಲಸ. ಸ್ಕೇಟರುಗಳಾದ ಸ್ಟೀವಿ ವಿಲಿಯಮ್ಸ್, ಜಾಶ್ ಕ್ಯಾಲಿಸ್ ಅವರ ವಿಡಿಯೊಗಳ ಮೂಲಕ ಈ ಚಪ್ಪಡಿಗಳು ಖಂಡಾಂತರಗಳಲ್ಲಿ ಪರಿಚಿತವಾದವು.

ನಗರಾಡಳಿತಕ್ಕೆ ಇದರ ಬೆಲೆ ತಿಳಿಯಲಿಲ್ಲ. 2001 ಮತ್ತು 2002ರಲ್ಲಿ, ಸ್ಕೇಟ್‌ಬೋರ್ಡಿಂಗ್ ಸ್ಪರ್ಧೆಗಳಿರುವ ಎಕ್ಸ್ ಗೇಮ್ಸ್ ಕ್ರೀಡಾಕೂಟವನ್ನು ಫಿಲಡೆಲ್ಫಿಯಾ ಸಂಭ್ರಮದಿಂದ ಬರಮಾಡಿಕೊಂಡಿತು. ಅದೇ 2002ರಲ್ಲಿ ಲವ್ ಪಾರ್ಕಿನ ಕಲ್ಲಿನ ಆಸನಗಳನ್ನು ಕಿತ್ತು, ಮರದ ಬೆಂಚು, ಹುಲ್ಲಿನ ಪಟ್ಟಿ, ಹೂಕುಂಡಗಳನ್ನಿಟ್ಟು ಸ್ಕೇಟರುಗಳನ್ನು ಹೊರದಬ್ಬಿತು. ಆ ವರ್ಷದ ಅಕ್ಟೋಬರ್ 28ರಂದು 92 ವರ್ಷದ ಬೇಕನ್ ತಲೆಗೆ ಹೆಲ್ಮೆಟ್ ಧರಿಸಿ, ಇಬ್ಬರ ಕೈ ಹಿಡಿದು, ಪತ್ರಕರ್ತರ ಮುಂದೆ ಲವ್ ಪಾರ್ಕಿನಲ್ಲಿ ಸ್ಕೇಟ್‌ಬೋರ್ಡ್ ಏರಿ ಪ್ರತಿಭಟಿಸಿದರು. ತಾನು ಕಲ್ಪಿಸಿದ ಜಾಗವನ್ನು ಎಳೆಯರು ತನಗಿಂತ ಚೆನ್ನಾಗಿ ಅರಿತರೆಂದು ಒಪ್ಪಿ, ಅವರ ಪರ ಬೀದಿಗಿಳಿದ ಯೋಜಕ ನನಗೆ ಬೇರೊಬ್ಬ ಗೊತ್ತಿಲ್ಲ. ಆಧುನಿಕ ನಗರ ಯೋಜನೆಯ ಚರಿತ್ರೆಯಲ್ಲಿ ಈ ದೃಶ್ಯಕ್ಕೆ ಇನ್ನೂ ದೊಡ್ಡ ಜಾಗ ಸಿಗಬೇಕು. ಸ್ಕೇಟಿಂಗಿಗೆ ಮತ್ತೆ ಅವಕಾಶ ಕೊಟ್ಟರೆ ಪಾರ್ಕಿನ ನಿರ್ವಹಣೆಗೆಂದು ಸ್ಕೇಟ್ ಶೂಗಳ ಡಿಸಿ ಶೂಸ್ ಕಂಪನಿ 2004ರಲ್ಲಿ 10 ಲಕ್ಷ ಡಾಲರ್ ಕೊಡಲು ಮುಂದೆ ಬಂದರೂ ನಗರ ಒಪ್ಪಲಿಲ್ಲ. 2016ರ ಫೆಬ್ರುವರಿಯಲ್ಲಿ, ಪಾರ್ಕನ್ನು ಕೆಡವುವ ಮುಂಚಿನ ಕೆಲವು ದಿನಗಳ ಮಟ್ಟಿಗೆ ಮೇಯರ್ ಜಿಮ್ ಕೆನಿ ಅಲ್ಲಿ ಸ್ಕೇಟಿಂಗ್ ಮೇಲಿದ್ದ ನಿಷೇಧ ತೆರವುಗೊಳಿಸಿದರು. ಕೊರೆಯುವ ಚಳಿಯಲ್ಲೂ ಸ್ಕೇಟರುಗಳು ಬಂದು ಸೇರಿದರು.

ಕಲಾಜಗತ್ತು ಈ ಕಥೆಯೊಳಗೆ ಬರುವುದು ಬೇರೊಂದು ಬಾಗಿಲಿನಿಂದ. ಶಿಲ್ಪವೆಂದರೆ ಹತ್ತಿ ಇಳಿದು ಆಡುವ ನೆಲವೂ ಆಗಬಹುದೆಂದು ಇಸಾಮು ನೊಗುಚಿ 1933ರಲ್ಲೇ ‘ಪ್ಲೇ ಮೌಂಟನ್’ ಯೋಜನೆಯಲ್ಲಿ ತೋರಿಸಿದ್ದರು. ನ್ಯೂಯಾರ್ಕ್ ಅದನ್ನು ಕಟ್ಟಲಿಲ್ಲ. 2000ದಲ್ಲಿ ಸಿಂಪಾರ್ಚ್ ಎಂಬ ಅಮೆರಿಕದ ಕಲಾವಿದರ ತಂಡ ಷಿಕಾಗೊದಲ್ಲಿ ‘ಫ್ರೀ ಬೇಸಿನ್’ ಎಂಬ, ಸ್ಕೇಟ್ ಮಾಡಬಹುದಾದ ಮರದ ಕೊಳ ಕಟ್ಟಿತು. ಹಿತ್ತಿಲ ಈಜುಕೊಳದ ಅದೇ ಬಳುಕು ಆಕಾರ 2002ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಪ್ರದರ್ಶನಕ್ಕೂ ಹೋಯಿತು.

ಫ್ರಾನ್ಸಿನ ರಫಾಯೆಲ್ ಜರ್ಕಾ ಅವರ ಕೆಲಸ ಇವೆಲ್ಲಕ್ಕಿಂತ ಆಳವಾದದ್ದು. ಸ್ವತಃ ಸ್ಕೇಟರ್ ಆದ ಅವರು, ಸಾರ್ವಜನಿಕ ಶಿಲ್ಪಗಳ ಮೇಲೆ ಸ್ಕೇಟ್ ಮಾಡುತ್ತಿರುವವರ ಫೋಟೊಗಳನ್ನು ‘ರೈಡಿಂಗ್ ಮಾಡರ್ನ್ ಆರ್ಟ್’ ಹೆಸರಿನಲ್ಲಿ ಒಟ್ಟುಮಾಡಿದರು. ಆಧುನಿಕ ಶಿಲ್ಪಿಗಳು ಲೋಹದಲ್ಲೂ ಕಲ್ಲಿನಲ್ಲೂ ಸೂಚಿಸಲು ಹೆಣಗಿದ ಚಲನೆ ಆ ಫೋಟೊಗಳಲ್ಲಿ ನಿಜವಾಗಿ ನಡೆಯುತ್ತಿರುತ್ತದೆ. ನಂತರದ ‘ಪೇವಿಂಗ್ ಸ್ಪೇಸ್’ ಕೃತಿಯಲ್ಲಿ ಗಣಿತಜ್ಞ ಷೋನ್‌ಫ್ಲೀಸ್‌ನ ಬಹುಮುಖ ಘನಾಕೃತಿಗಳನ್ನು ಆಧರಿಸಿದ ಮರದ ಶಿಲ್ಪಗಳನ್ನು ಸ್ಕೇಟರುಗಳ ಮುಂದಿಟ್ಟರು. ಇಲ್ಲಿಯ ಮುಖಗಳ ಓರೆ ಆಟದ ಅನುಕೂಲಕ್ಕೆ ಲೆಕ್ಕ ಹಾಕಿದ್ದಲ್ಲ. ಆಟಗಾರ ಬಂದು ಅವನ್ನು ಓದಿಕೊಳ್ಳಬೇಕು.

ಸ್ಕೇಟ್ ಮಾಡಬಹುದಾದ ಶಿಲ್ಪಗಳನ್ನು ಅಳೆಯಲು, ಆಟಗಾರನೇ ಓದಿಕೊಳ್ಳಬೇಕಾದ ಈ ಗುಣವನ್ನೇ ನಾನು ಒರೆಗಲ್ಲಾಗಿ ಇಟ್ಟುಕೊಳ್ಳುತ್ತೇನೆ. ವಾಸ್ತುಶಿಲ್ಪದ ಇತಿಹಾಸಕಾರ ಇಯಾನ್ ಬೋರ್ಡನ್ ಸ್ಕೇಟ್‌ಬೋರ್ಡಿಂಗ್ ಕುರಿತ 2001ರ ತಮ್ಮ ಗ್ರಂಥದಲ್ಲಿ, ಸ್ಕೇಟರ್ ನಗರವನ್ನು ಬಳಸುವಾಗಲೇ ಹೊಸ ಜಾಗವನ್ನೂ ಉತ್ಪಾದಿಸುತ್ತಾನೆಂದು ವಾದಿಸಿದರು. ಆ ಮಾತು ನಿಜವಾದರೆ, ಎಲ್ಲ ಉತ್ತರವನ್ನೂ ಮೊದಲೇ ಬರೆದಿಟ್ಟ ಸ್ಕೇಟ್‌ಪಾರ್ಕು ಉತ್ಪಾದನೆಗೆ ಅಷ್ಟೇನೂ ಎಡೆ ಕೊಡುವುದಿಲ್ಲ. ಲಂಡನ್ನಿನ ಥೇಮ್ಸ್ ದಂಡೆಯ ಸ್ಕೇಟರುಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. 1967ರಲ್ಲಿ ತೆರೆದ ಕ್ವೀನ್ ಎಲಿಜಬೆತ್ ಸಭಾಂಗಣದ ಕೆಳಗೆ, ದಪ್ಪ ಕಂಬಗಳ ನಡುವೆ ಇಂಥದ್ದಕ್ಕೇ ಎಂದಿಲ್ಲದ ಇಳಿಜಾರುಗಳು ಉಳಿದುಕೊಂಡಿದ್ದವು. 1970ರ ದಶಕದಿಂದ ಅಲ್ಲಿ ಸ್ಕೇಟಿಂಗ್ ನಡೆದಿದೆ. 2013ರಲ್ಲಿ ಆ ಜಾಗವನ್ನು ಅಂಗಡಿಗಳಿಗೆ ಕೊಟ್ಟು, ಹತ್ತಿರದ ಹಂಗರ್‌ಫರ್ಡ್ ಸೇತುವೆಯ ಕೆಳಗೆ ಹೊಸ ಸ್ಕೇಟ್ ತಾಣ ಕಟ್ಟಿಕೊಡುವ ಪ್ರಸ್ತಾವ ಬಂತು. ಸ್ಕೇಟರುಗಳು ಬೇಡವೆಂದರು. ತಮಗೆಂದೇ ಕಟ್ಟಿದ ಜಾಗಕ್ಕಿಂತ ತಾವೇ ಕಂಡುಕೊಂಡ ಜಾಗಕ್ಕಾಗಿ ಹೋರಾಡಿ, 2014ರ ಸೆಪ್ಟೆಂಬರಿನ ಒಪ್ಪಂದದಲ್ಲಿ ಅದನ್ನು ಉಳಿಸಿಕೊಂಡರು. ಮುಚ್ಚಿಹೋಗಿದ್ದ ಒಂದು ಭಾಗ 2019ರಲ್ಲಿ ಮತ್ತೆ ತೆರೆಯಿತು.

ಲವ್ ಪಾರ್ಕಿನ ಗ್ರಾನೈಟಿನ ಒಂದಷ್ಟು ಪಾಲು ಸ್ಕೇಟಿಂಗಿಗೆ ಹೆಸರಾದ ಸ್ವೀಡನ್ನಿನ ಮಾಲ್ಮೊ ನಗರಕ್ಕೆ ಹಡಗೇರಿ ಹೋಗಿದೆ. ಕಲಾ ಇತಿಹಾಸದ ಯಾವ ಪಟ್ಟಿಯಲ್ಲೂ ಆ ಕಲ್ಲುಗಳು ಶಿಲ್ಪವೆಂದು ನಮೂದಾಗುವ ಸಂಭವ ಕಡಿಮೆ. ನಾನು ಪಟ್ಟಿ ಮಾಡುವುದಾದರೆ ಅವನ್ನು ಇಂಡಿಯಾನ ಅವರ ಅಕ್ಷರಗಳ ಪಕ್ಕದಲ್ಲೇ ಇಡುತ್ತೇನೆ. ಕರ್ತೃಗಳ ಸಾಲಿನಲ್ಲಿ ಕ್ಲಿಂಗ್ ಮತ್ತು ಬೇಕನ್ ಅವರೊಂದಿಗೆ, ಆ ಅಂಚುಗಳನ್ನು ಸವೆಸಿದ ಫಿಲಡೆಲ್ಫಿಯಾದ ಸ್ಕೇಟರುಗಳನ್ನೂ ಸೇರಿಸುತ್ತೇನೆ.