ಗುಂಡಿ ತುಂಬಿದಾಗ ನಾವು ಯಾರನ್ನು ಕರೆಯುತ್ತೇವೆ?

"ಗುಂಡಿ ತುಂಬಿದೆ ಕಣ್ರೀ, ಯಾರನ್ನಾದ್ರೂ ಕರೆಸಬೇಕು."

ನಮ್ಮ ಹಳ್ಳಿಗಳಲ್ಲಿ ಈಗ ಈ ಮಾತು ಮಾಮೂಲಿ. ಕೆಲವು ವರ್ಷಗಳ ಹಿಂದೆ ಕಟ್ಟಿಸಿದ ಶೌಚಾಲಯದ ಗುಂಡಿ ತುಂಬಿರುತ್ತದೆ. ನೀರು ಹಾಕಿದರೆ ಇಳಿಯುವುದಿಲ್ಲ. ಎರಡು ದಿನದಿಂದ ಮನೆಯ ಹೆಂಗಸರಿಗೆ ಕಷ್ಟ. ಯಜಮಾನರು ಫೋನ್ ಕೈಗೆತ್ತಿಕೊಳ್ಳುತ್ತಾರೆ. ಯಾರಿಗೆ ಮಾಡುತ್ತಾರೆ? ಪಕ್ಕದ ಮನೆಯವರಿಗಲ್ಲ, ತಮ್ಮ ಅಣ್ಣತಮ್ಮಂದಿರಿಗೂ ಅಲ್ಲ. 'ಯಾರನ್ನಾದ್ರೂ' ಎಂದಾಗಲೇ ಯಾರೆಂದು ಊರಿಗೆಲ್ಲ ಗೊತ್ತಿರುತ್ತದೆ. ಜಾತಿಯ ಹೆಸರು ಹೇಳದೆಯೇ ಜಾತಿ ಹೇಳುವ ಮಾತು ಅದು.

ಈ ವಿಷಯ ಎತ್ತಿದರೆ ಅರಳಿಕಟ್ಟೆಯಲ್ಲಿ ಮೂರು ಅಭಿಪ್ರಾಯ ಕೇಳುತ್ತೇವೆ. "ಮಲ ಹೊರೋ ಪದ್ಧತಿ ನಮ್ಮ ಹಳ್ಳಿಯಲ್ಲಿ ಯಾವತ್ತೂ ಇರಲಿಲ್ಲ, ಅದು ಪೇಟೆಯವರದ್ದು" ಎನ್ನುವುದು ಒಂದು. "ಅದೆಲ್ಲ ಅರಸು ಕಾಲದಲ್ಲೇ ನಿಂತುಹೋಯ್ತು" ಎನ್ನುವುದು ಎರಡನೆಯದು. "ಪುಕ್ಕಟೆ ಮಾಡಿಸ್ತೀವಾ, ದುಡ್ಡು ಕೊಡ್ತೀವಲ್ಲ" ಎನ್ನುವುದು ಮೂರನೆಯದು. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಎಷ್ಟು ನಿಜ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲನೆಯ ಮಾತು ಬಹುಮಟ್ಟಿಗೆ ಸರಿ. ಹಳ್ಳಿಯಲ್ಲಿ ಹೆಚ್ಚಿನವರು ಚೊಂಬು ಹಿಡಿದು ಬಯಲಿಗೆ ಹೋಗುತ್ತಿದ್ದರು. ಹೊರುವ ಕೆಲಸ ಬೆಳೆದದ್ದು ಪೇಟೆಗಳಲ್ಲಿ. ಬ್ರಿಟಿಷರ ಕಾಲದಲ್ಲಿ ಊರುಗಳು ಬೆಳೆದು ಪುರಸಭೆಗಳು ಬಂದವು. ಮನೆಗೆ ಮನೆ ತಾಗಿದ ಕೇರಿಗಳಲ್ಲಿ ಬಯಲು ಎಲ್ಲಿಂದ ಬರಬೇಕು? ಹಿತ್ತಲಲ್ಲಿ ಒಣ ಕಕ್ಕಸು ಕಟ್ಟಿದರು. ಎತ್ತರದ ಕಟ್ಟೆ, ಅದರಲ್ಲೊಂದು ತೂತು, ಕೆಳಗೊಂದು ಬಕೆಟ್ ಅಥವಾ ಬುಟ್ಟಿ. ಹಿಂದೆ ಇಕ್ಕಟ್ಟಾದ ಒಂದು ಸಂದಿ. ಸಂದಿಯ ಕಡೆಗೆ ಮೊಣಕಾಲೆತ್ತರದ ಕಿಂಡಿ. ಬೆಳಿಗ್ಗೆ ಒಬ್ಬರು ಆ ಸಂದಿಯಲ್ಲಿ ಬಂದು ಕಿಂಡಿ ತೆಗೆದು, ತಗಡಿನ ತುಂಡಿನಿಂದ ಎಳೆದು, ಬೂದಿ ಹಾಕಿ, ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಗಾಡಿಗೆ ಸುರಿಯಬೇಕು. ಮಳೆಗಾಲದಲ್ಲಿ ಬುಟ್ಟಿ ಸೋರಿ ಮುಖದ ಮೇಲೆ ಇಳಿಯುತ್ತಿತ್ತು. ಈ ಕೆಲಸ ಮಾಡುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಹಳೆಯ ಪೇಟೆಗಳಲ್ಲಿ ಇಂಥ ಸಂದಿಗಳು ಈಗಲೂ ಕಾಣುತ್ತವೆ. ಮುಂಬಾಗಿಲಿನಿಂದ ಬರಬಾರದವರಿಗಾಗಿ ಮಾಡಿದ ದಾರಿ ಅದು.

ಆದರೆ ಹಳ್ಳಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ ಎನ್ನುವಂತಿಲ್ಲ. ಪೇಟೆಯ ಹೊಲಸು ಊರಾಚೆಯ ಗುಂಡಿ ಸೇರಿ, ಕಸದ ಜೊತೆ ಕೊಳೆತು, ಗೊಬ್ಬರವಾಗಿ ರೈತರ ಹೊಲಕ್ಕೆ ಬರುತ್ತಿತ್ತು. ಕಸ ಒಂದು ಪದರ, ಮಲ ಒಂದು ಪದರ ಹಾಕಿ ಮುಚ್ಚಿ ಗೊಬ್ಬರ ಮಾಡುವ ವಿಧಾನವನ್ನು 1939ರಲ್ಲಿ ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ಬೆಂಗಳೂರಿನಲ್ಲಿ ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಅದಕ್ಕೆ ಇವತ್ತಿಗೂ 'ಬೆಂಗಳೂರು ವಿಧಾನ' ಎಂದೇ ಹೆಸರು. ಕೊಳೆತು ಗೊಬ್ಬರವಾದ ಮೇಲೆ ಅದನ್ನು ಮುಟ್ಟಲು ರೈತನಿಗೆ ಯಾವ ಮಡಿಯೂ ಅಡ್ಡ ಬರುತ್ತಿರಲಿಲ್ಲ. ಗೊಬ್ಬರವಾಗುವ ಮುಂಚೆ ಮುಟ್ಟಿದವರು ಮಾತ್ರ ಅಸ್ಪೃಶ್ಯರು.

ದೊಡ್ಡವರಿಗೆ ಇದು ಕಾಣಲಿಲ್ಲ ಎಂದೇನಿಲ್ಲ. 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿದ್ದ ಗಾಂಧೀಜಿ ಅಲ್ಲಿನ ಕಕ್ಕಸುಗಳ ಸ್ಥಿತಿ ನೋಡಿ ತಾವೇ ಪೊರಕೆ ಹಿಡಿದರು. ಈ ಕೆಲಸ ಪವಿತ್ರವೆಂದೂ ಎಲ್ಲರೂ ಮಾಡಬೇಕೆಂದೂ ಹೇಳುತ್ತಾ ಬಂದರು. ಅಂಬೇಡ್ಕರ್ ಇದನ್ನು ಒಪ್ಪಲಿಲ್ಲ. ಹುಟ್ಟಿನಿಂದ ಒಬ್ಬರ ತಲೆಗೆ ಕಟ್ಟಿದ ಕೆಲಸವನ್ನು ಪವಿತ್ರ ಎಂದು ಹೊಗಳಿದರೆ ಅವರು ಅಲ್ಲೇ ಉಳಿಯುತ್ತಾರೆ, ಬಿಡುವುದೇ ದಾರಿ ಎಂಬುದು ಅವರ ವಾದ. ಇಬ್ಬರ ಮಾತೂ ನಮ್ಮ ಶಾಲೆಯ ಗೋಡೆಗಳ ಮೇಲಿದೆ. ಆದರೆ ಪೊರಕೆ ಇದ್ದ ಕೈಯಲ್ಲೇ ಉಳಿಯಿತು.

ಸ್ವಾತಂತ್ರ್ಯ ಬಂತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1949ರಲ್ಲಿ ಮುಂಬಯಿ ಸರ್ಕಾರ ಬರ್ವೆ ಸಮಿತಿ ಮಾಡಿತು. ಆಗ ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯೆಲ್ಲ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. 1957ರಲ್ಲಿ ಕೇಂದ್ರ ಸರ್ಕಾರ ಮಲ್ಕಾನಿ ಸಮಿತಿ ನೇಮಿಸಿತು. ಕೈಗಾಡಿ ಕೊಡಿ, ತಲೆ ಮೇಲೆ ಹೊರಿಸಬೇಡಿ ಎಂಬಂಥ ಶಿಫಾರಸುಗಳು ಬಂದವು. ವರದಿಗಳು ಕಪಾಟು ಸೇರಿದವು, ಬುಟ್ಟಿ ತಲೆಯ ಮೇಲೆಯೇ ಇತ್ತು.

ಕರ್ನಾಟಕದಲ್ಲಿ ಬದಲಾವಣೆ ಬಂದದ್ದು 1970ರ ದಶಕದ ಆರಂಭದಲ್ಲಿ. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಅವರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದವರು ಬಿ. ಬಸವಲಿಂಗಪ್ಪ. ದಲಿತ ಸಮುದಾಯದಿಂದ ಬಂದ ವಕೀಲರು, ಅಂಬೇಡ್ಕರ್ ವಿಚಾರದವರು, ಮುಲಾಜಿಲ್ಲದೆ ಮಾತಾಡುವವರು. ತಲೆಯ ಮೇಲೆ ಮಲ ಹೊರಿಸುವುದು ನಿಲ್ಲಬೇಕು ಎಂದು ಅವರು ಆದೇಶ ಮಾಡಿಸಿದರು. ದೇಶಕ್ಕೆ ಕಾನೂನು ಬರುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು. ಸಫಾಯಿ ಕೆಲಸದವರ ಬದುಕನ್ನು ಅಧ್ಯಯನ ಮಾಡಲು ಐ.ಪಿ.ಡಿ. ಸಾಲಪ್ಪ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೂ ಆಯಿತು. ಅದರ ವರದಿ ಬಂದದ್ದು 1976ರಲ್ಲಿ. ಮುಂದೆ ಪೌರಕಾರ್ಮಿಕರು ಬೀದಿಗಿಳಿದಾಗಲೆಲ್ಲ ಆ ವರದಿಯ ಹೆಸರು ಹೇಳಿದ್ದಾರೆ.

ಬಸವಲಿಂಗಪ್ಪನವರ ಹೆಸರು ಹೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ಈ ಆದೇಶವಲ್ಲ, 'ಬೂಸಾ'. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಊರೂರಲ್ಲಿ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಅವರು ಮಂತ್ರಿ ಸ್ಥಾನ ಬಿಡಬೇಕಾಯಿತು. ಆ ಗಲಾಟೆಯ ಬಿಸಿಯಲ್ಲೇ ದಲಿತ ಸಂಘರ್ಷ ಸಮಿತಿ ಬೆಳೆದು ಬಂತು. ಒಂದು ಮಾತಿಗೆ ನಾಡೇ ಎದ್ದು ನಿಂತಿತು. ಮನುಷ್ಯರ ತಲೆ ಮೇಲೆ ಅಷ್ಟು ವರ್ಷ ಇದ್ದ ಬುಟ್ಟಿಗೆ ಯಾವ ಊರೂ ಹಾಗೆ ಎದ್ದಿರಲಿಲ್ಲ. ಇದನ್ನು ಯೋಚಿಸಿದಾಗ ನಮಗೆ ನಾಚಿಕೆಯಾಗುತ್ತದೆ.

ಹಾಗಾದರೆ "ಅರಸು ಕಾಲದಲ್ಲೇ ನಿಂತುಹೋಯ್ತು" ಎಂಬ ಎರಡನೆಯ ಮಾತು? ಆದೇಶವೇನೋ ಆಯಿತು. ಆದರೆ ಒಣ ಕಕ್ಕಸು ಹೋಗಬೇಕಾದರೆ ನೀರು ಬೇಕು, ಒಳಚರಂಡಿ ಬೇಕು. ಎಷ್ಟೋ ಪೇಟೆಗಳಲ್ಲಿ ಎರಡೂ ಇರಲಿಲ್ಲ. ಬಕೆಟ್ ಹೋದ ಜಾಗಕ್ಕೆ ಗುಂಡಿ ಬಂತು. ಗುಂಡಿ ತುಂಬಿದಾಗ ಅದೇ ಜನ ಬಂದರು. ಮೊದಲು ತಲೆಯ ಮೇಲಿದ್ದದ್ದು ಈಗ ಕೈಗೆ ಬಂತು. ಹಗಲು ಕಾಣುತ್ತಿದ್ದದ್ದು ರಾತ್ರಿಗೆ ಸರಿಯಿತು. ಕಾನೂನಿನ ಕಣ್ಣಿಗೆ ಬೀಳದಂತೆ ನಡೆಯಿತು.

ದೇಶಕ್ಕೆಲ್ಲ ಅನ್ವಯಿಸುವ ಮೊದಲ ಕಾಯ್ದೆ ಬಂದದ್ದು 1993ರಲ್ಲಿ. ಆ ಕಾಯ್ದೆ ಮಾಡಿ ಎಂದು ಕೇಂದ್ರವನ್ನು ಕೋರಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ಜಾರಿಗೆ ಬರಲು 1997ರ ಜನವರಿ 26ರವರೆಗೆ ಕಾಯಬೇಕಾಯಿತು. ಶಿಕ್ಷೆಯಾದ ಪ್ರಕರಣ ಹುಡುಕಿದರೂ ಸಿಗದಷ್ಟು ಅಪರೂಪ. ಅಧಿಕಾರಿಗಳು "ನಮ್ಮಲ್ಲಿ ಅಂಥವರು ಇಲ್ಲವೇ ಇಲ್ಲ" ಎಂದು ಬರೆದು ಕಳಿಸುತ್ತಿದ್ದರು.

ಆ 'ಇಲ್ಲ' ಎಂಬ ಮಾತಿಗೆ ಉತ್ತರ ಬಂದದ್ದು ಹಾವೇರಿ ಜಿಲ್ಲೆಯ ಸವಣೂರಿನಿಂದ. 2010ರ ಜುಲೈ ತಿಂಗಳು. ತಲೆಮಾರುಗಳಿಂದ ಊರಿನ ಕಕ್ಕಸು ಬಳಿಯುತ್ತಿದ್ದ ಭಂಗಿ ಸಮುದಾಯದ ಕುಟುಂಬಗಳಿಗೆ ಮನೆ ಖಾಲಿ ಮಾಡಿಸುತ್ತಾರೆಂಬ ಭಯ ಎದುರಾಯಿತು. ಅವರಲ್ಲಿ ಕೆಲವರು ಪುರಸಭೆಯ ಮುಂದೆ ಬಂದು ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ಹಗಲು ಹೊತ್ತಿನಲ್ಲಿ, ಎಲ್ಲರೆದುರು. ನಮ್ಮ ತಲೆಮಾರಿನ ಹಲವರಿಗೆ ಪತ್ರಿಕೋದ್ಯಮದ ಮೊದಲ ಪಾಠ ಆ ಫೋಟೊ. ಅರಸು ಕಾಲದಲ್ಲಿ ನಿಂತುಹೋಯಿತು ಎಂದು ನಾವು ಅಂದುಕೊಂಡದ್ದು ಸವಣೂರಿನಲ್ಲಿ ಅಂದಿನವರೆಗೂ ನಡೆದಿತ್ತು. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಕಾಲೊನಿಗಳಲ್ಲೂ ನಡೆದಿತ್ತು. 2011ರಲ್ಲಿ ಅಲ್ಲಿ ಗುಂಡಿಗಿಳಿದವರು ಸತ್ತಾಗ ಅದು ಸುದ್ದಿಯಾಯಿತು.

2013ರಲ್ಲಿ ಹೊಸ ಕಾಯ್ದೆ ಬಂತು. ಹಳ್ಳಿಯ ಓದುಗರು ಗಮನಿಸಬೇಕಾದದ್ದು ಇಲ್ಲಿದೆ. ಈ ಕಾಯ್ದೆ ಒಣ ಕಕ್ಕಸಿಗೆ ಮಾತ್ರ ಸೀಮಿತವಲ್ಲ. ಸುರಕ್ಷತೆಯ ವ್ಯವಸ್ಥೆ ಇಲ್ಲದೆ ಸೆಪ್ಟಿಕ್ ಟ್ಯಾಂಕ್ ಅಥವಾ ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸುವುದೂ ಅಪರಾಧ. ಪುರಸಭೆಗೂ ಗುತ್ತಿಗೆದಾರರಿಗೂ ಮಾತ್ರವಲ್ಲ, ಮನೆ ಯಜಮಾನರಿಗೂ ಅನ್ವಯಿಸುತ್ತದೆ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ ಹೋಗುತ್ತದೆ. 1993ರಿಂದ ಈಚೆಗೆ ಇಂಥ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಈಗ ಮೂರನೆಯ ಮಾತಿಗೆ ಬರೋಣ. "ದುಡ್ಡು ಕೊಡ್ತೀವಲ್ಲ." ಕೊಡುತ್ತೇವೆ, ಸರಿ. ಮುಚ್ಚಿದ ಗುಂಡಿಯಲ್ಲಿ ಏನಿರುತ್ತದೆಂದು ಕೊಡುವವರಿಗೂ ಗೊತ್ತಿರಬೇಕು. ಮಲ ಕೊಳೆತಾಗ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ಹುಟ್ಟುತ್ತವೆ, ಆಮ್ಲಜನಕ ಕಡಿಮೆಯಾಗುತ್ತದೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಒಳಗೆ ಇಳಿದವರು ಕೂಗುವ ಮೊದಲೇ ಬೀಳುತ್ತಾರೆ. ಎತ್ತಲು ಹೋದ ಎರಡನೆಯವರೂ ಬೀಳುತ್ತಾರೆ. ಇಂಥ ಸುದ್ದಿಗಳಲ್ಲಿ ಒಬ್ಬರಲ್ಲ, ಇಬ್ಬರು ಮೂವರು ಸತ್ತರು ಎಂದು ಓದುವುದು ಇದಕ್ಕೇ. ಯಾವ ಕೂಲಿ ಕೊಟ್ಟು ಇದನ್ನು ಸರಿದೂಗಿಸುವುದು?

ಒಂದು ಕಾಲಕ್ಕೆ ಪೇಟೆಯದ್ದಾಗಿದ್ದ ಈ ಕಥೆ ಈಗ ಹಳ್ಳಿಗೆ ಬಂದಿದೆ. ಸ್ವಚ್ಛ ಭಾರತ ಯೋಜನೆಯಲ್ಲಿ 12,000 ರೂಪಾಯಿ ಸಹಾಯಧನ ಬಂತು, ಮನೆಮನೆಗೆ ಶೌಚಾಲಯ ಆಯಿತು. ಹೆಂಗಸರು ಕತ್ತಲಾಗುವುದನ್ನೇ ಕಾಯಬೇಕಾದ ಕಷ್ಟ ಎಷ್ಟೋ ಕಡೆ ತಪ್ಪಿತು. ಇದು ಸಣ್ಣ ವಿಷಯವಲ್ಲ. ಆದರೆ ಸರ್ಕಾರ ಒತ್ತಿ ಹೇಳಿದ್ದು ಎರಡು ಗುಂಡಿಯ ಶೌಚಾಲಯ. ನಮ್ಮಲ್ಲಿ ಬಹಳ ಜನ ಕಟ್ಟಿಸಿದ್ದು ಒಂದೇ ದೊಡ್ಡ ಗುಂಡಿ. "ದೊಡ್ಡದಿದ್ರೆ ನಮ್ಮ ಕಾಲಕ್ಕೆ ತುಂಬಲ್ಲ" ಎಂಬ ಲೆಕ್ಕ. ಆ ಲೆಕ್ಕದೊಳಗೆ ಇನ್ನೊಂದು ಲೆಕ್ಕವಿದೆ. ತುಂಬಿದ ದಿನ ನಾವಂತೂ ಮುಟ್ಟುವುದಿಲ್ಲ.

ಎರಡು ಗುಂಡಿಯ ಜಾಣತನ ಇರುವುದು ಅಲ್ಲೇ. ಗುಂಡಿಯ ಗೋಡೆಯಲ್ಲಿ ಸಂದುಗಳಿರುತ್ತವೆ, ನೀರು ಮಣ್ಣಿಗೆ ಇಂಗುತ್ತದೆ. ಒಂದು ತುಂಬಿದಾಗ ಅದನ್ನು ಮುಚ್ಚಿ, ಹರಿವನ್ನು ಇನ್ನೊಂದಕ್ಕೆ ತಿರುಗಿಸಬೇಕು. ಎರಡನೆಯದು ತುಂಬುವ ಹೊತ್ತಿಗೆ, ಅಂದರೆ ಒಂದೆರಡು ವರ್ಷ ಬಿಟ್ಟರೆ, ಮೊದಲನೆಯದರಲ್ಲಿ ವಾಸನೆ ಇಲ್ಲದ ಪುಡಿ ಗೊಬ್ಬರ ಇರುತ್ತದೆ. ಮನೆಯವರೇ ಸಲಿಕೆಯಿಂದ ತೆಗೆದು ತೆಂಗಿನ ಬುಡಕ್ಕೆ ಹಾಕಬಹುದು. ಬಾವಿ, ಬೋರ್‌ವೆಲ್‌ನಿಂದ ಕನಿಷ್ಠ 10 ಮೀಟರ್ ದೂರದಲ್ಲಿದ್ದರಾಯಿತು. ಯಾರನ್ನೂ ಕರೆಯಬೇಕಿಲ್ಲ.

ಈಗಾಗಲೇ ಒಂದೇ ಗುಂಡಿ ಇರುವವರು ಪಕ್ಕದಲ್ಲಿ ಇನ್ನೊಂದನ್ನು ತೋಡಿಸಬಹುದು. ಸೆಪ್ಟಿಕ್ ಟ್ಯಾಂಕ್ ಇರುವವರು ಸಕ್ಕಿಂಗ್ ಮಷಿನ್ ಗಾಡಿಯನ್ನೇ ತರಿಸಬೇಕು. "ನಮ್ಮೂರಿಗೆ ಗಾಡಿ ಬರಲ್ಲ" ಎಂದಾದರೆ ಅದು ಗ್ರಾಮಸಭೆಯಲ್ಲಿ ಎದ್ದು ಕೇಳುವ ಪ್ರಶ್ನೆ. ರಸ್ತೆ, ಬೀದಿದೀಪ ಕೇಳುತ್ತೇವೆ. ಇದನ್ನೂ ಕೇಳೋಣ, ಅರ್ಜಿ ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳೋಣ.

ಬಸವಲಿಂಗಪ್ಪನವರು ಆದೇಶ ಮಾಡಿಸಿ 50 ವರ್ಷ ದಾಟಿದೆ. ಅವರಿಂದ ಆಗುವುದು ಬುಟ್ಟಿ ಇಳಿಸುವುದಾಗಿತ್ತು, ಇಳಿಸಲು ಹೊರಟರು. ನಮ್ಮ ಹಿತ್ತಲಿನ ಗುಂಡಿಗೆ ಬೇರೆಯವರ ಮಗನನ್ನು ಇಳಿಸಬೇಕೋ ಬೇಡವೋ ಎಂಬುದನ್ನು ಯಾವ ಮಂತ್ರಿಯೂ ಬಂದು ತೀರ್ಮಾನಿಸುವುದಿಲ್ಲ. ಅದು ಫೋನ್ ಕೈಗೆತ್ತಿಕೊಂಡವರು ಮಾಡಬೇಕಾದ ತೀರ್ಮಾನ.