ಶ್ರೀಮತಿ ಮಾರ್ಗರೇಟ್ ಆಳ್ವ ಮತ್ತು ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ

ದಾಂಡೇಲಿ ಸಮೀಪ ಕಾಳಿ ನದಿಯ ದಡದಲ್ಲಿರುವ ಮೌಳಂಗಿ ಗ್ರಾಮವು ಉತ್ತರ ಕನ್ನಡ ಜಿಲ್ಲೆಗೆ ಸೇರಿರುತ್ತದೆ. ಈ ಭಾಗವನ್ನು ಒಳಗೊಂಡ ಕೆನರಾ ಲೋಕಸಭಾ ಕ್ಷೇತ್ರವನ್ನು 1999ರಿಂದ 2004ರವರೆಗೆ ಪ್ರತಿನಿಧಿಸಿದವರು ವಕೀಲೆ ಶ್ರೀಮತಿ ಮಾರ್ಗರೇಟ್ ಆಳ್ವ. ಗ್ರಾಮ ಪಂಚಾಯಿತಿಗಳಲ್ಲಿ ಇಂದು ಮಹಿಳೆಯರಿಗೆ ದೊರೆಯುತ್ತಿರುವ ಮೀಸಲು ಸ್ಥಾನಗಳ ಹಿನ್ನೆಲೆಯಲ್ಲಿ ಇವರ ಪಾತ್ರ ಗಣನೀಯವಾದುದು.

ಶ್ರೀಮತಿ ಆಳ್ವ ಅವರು 1942ರ ಏಪ್ರಿಲ್ 14ರಂದು ಮಂಗಳೂರಿನಲ್ಲಿ ಜನಿಸಿದರು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿಯೂ ಸರ್ಕಾರಿ ಕಾನೂನು ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ ವಕೀಲಿ ವೃತ್ತಿಯನ್ನು ಕೈಗೊಂಡರು. 1964ರಲ್ಲಿ ವಿವಾಹವಾಗಿ ಸೇರಿದ ಮನೆತನವು ಜಿಲ್ಲೆಗೆ ಹೊಸದಾಗಿರಲಿಲ್ಲ. ಮಾವ ಜೋಕಿಂ ಆಳ್ವ ಅವರು 1952ರಿಂದ 1967ರವರೆಗೆ ಇದೇ ಕೆನರಾದ ಲೋಕಸಭಾ ಸದಸ್ಯರಾಗಿದ್ದರು. ಅತ್ತೆ ವಯಲೆಟ್ ಆಳ್ವ ಅವರು 1944ರಲ್ಲಿ ಹೈಕೋರ್ಟಿನ ಪೂರ್ಣ ಪೀಠದ ಮುಂದೆ ವಾದಿಸಿದ ದೇಶದ ಮೊದಲ ಮಹಿಳಾ ವಕೀಲರೆಂದು ಪ್ರಸಿದ್ಧರಾಗಿದ್ದು, ಮುಂದೆ ರಾಜ್ಯಸಭೆಯ ಉಪಸಭಾಪತಿಗಳೂ ಆಗಿದ್ದರು.

1974ರಲ್ಲಿ ಕಾಂಗ್ರೆಸ್ ಪಕ್ಷದಿಂದ ರಾಜ್ಯಸಭೆಯನ್ನು ಪ್ರವೇಶಿಸಿದ ಶ್ರೀಮತಿ ಆಳ್ವ ಅವರು ಸತತ ನಾಲ್ಕು ಅವಧಿಗೆ ಅಲ್ಲಿದ್ದರು. 1985ರಲ್ಲಿ ಕೇಂದ್ರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಗಾಗಿ ಪ್ರತ್ಯೇಕ ಇಲಾಖೆ ಆರಂಭವಾದಾಗ ರಾಜ್ಯ ಸಚಿವೆಯಾಗಿ ಅದರ ಹೊಣೆ ಇವರದಾಯಿತು. ಜಾಹೀರಾತು, ಪ್ರಕಟಣೆಗಳಲ್ಲಿ ಮಹಿಳೆಯರನ್ನು ಅಸಭ್ಯವಾಗಿ ಚಿತ್ರಿಸುವುದನ್ನು ನಿಷೇಧಿಸುವ 1986ರ ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಿದವರು ಇವರೇ.

ಇವುಗಳಿಗಿಂತಲೂ ದೂರಗಾಮಿಯಾದುದು 1988ರಿಂದ 2000ದವರೆಗಿನ ಮಹಿಳೆಯರ ರಾಷ್ಟ್ರೀಯ ಮುನ್ನೋಟ ಯೋಜನೆ. ಇವರ ನೇತೃತ್ವದಲ್ಲಿ ಸಿದ್ಧವಾದ ಸದರಿ ಯೋಜನೆಯು ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ 30ರಷ್ಟು ಸ್ಥಾನ ಮೀಸಲಿಡಲು ಶಿಫಾರಸು ಮಾಡಿತು. ಈ ವಿಷಯದಲ್ಲಿ ಕರ್ನಾಟಕವು ಕೇಂದ್ರಕ್ಕಿಂತ ಮುಂದಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ರಾಜ್ಯದ 1983ರ ಅಧಿನಿಯಮದಲ್ಲಿಯೇ ಶೇ 25ರಷ್ಟು ಮೀಸಲಾತಿ ಇದ್ದಿತು. 1989ರಲ್ಲಿ ತರಲಾದ 64ನೇ ಸಂವಿಧಾನ ತಿದ್ದುಪಡಿ ಮಸೂದೆಯು ಲೋಕಸಭೆಯಲ್ಲಿ ಅಂಗೀಕಾರವಾದರೂ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಕಡೆಗೆ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಿಂದ ಜಾರಿಗೆ ಬಂದು, ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳು ಮಹಿಳೆಯರಿಗೆ ದೊರೆತವು. ರಾಜ್ಯದಲ್ಲಿ 2010ರ ತಿದ್ದುಪಡಿಯಿಂದ ಈ ಪ್ರಮಾಣವನ್ನು ಶೇ 50ಕ್ಕೆ ಏರಿಸಲಾಯಿತು.

ಲೋಕಸಭಾ ಸದಸ್ಯೆಯಾಗಿದ್ದಾಗ ಇವರು ಮಹಿಳಾ ಸಬಲೀಕರಣದ ಸಂಸದೀಯ ಸಮಿತಿಯ ಅಧ್ಯಕ್ಷತೆ ವಹಿಸಿದ್ದರು. 2004ರ ಚುನಾವಣೆಯಲ್ಲಿ ಸೋತರು. 2009ರಿಂದ 2014ರ ಅವಧಿಯಲ್ಲಿ ಉತ್ತರಾಖಂಡ ಹಾಗೂ ರಾಜಸ್ಥಾನಗಳ ರಾಜ್ಯಪಾಲರಾಗಿದ್ದು, 2022ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಿ ಪರಾಭವಗೊಂಡರು. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿನ ಮೀಸಲಾತಿ ಮಸೂದೆಯು 1996ರಲ್ಲಿ ಮೊದಲು ಮಂಡನೆಯಾಗಿ, 2023ರಲ್ಲಷ್ಟೇ ಸಂಸತ್ತಿನ ಅಂಗೀಕಾರ ಪಡೆಯಿತು. ಗ್ರಾಮದ ಮಹಿಳೆಗೆ ಮೂವತ್ತು ವರ್ಷ ಮೊದಲೇ ದೊರೆತಿದ್ದಕ್ಕೆ ಸಂಸತ್ತಿನ ಮಹಿಳೆ ಇಷ್ಟು ಕಾಲ ಕಾಯಬೇಕಾಯಿತು.

ಗ್ರಾಮ ಪಂಚಾಯಿತಿ ಚುನಾವಣೆಗೆ ನಾಮಪತ್ರ ಸಲ್ಲಿಸುವ ಮಹಿಳೆಯರು ಕೆಲವು ಅಂಶಗಳನ್ನು ಗಮನಿಸುವುದು. ಅಭ್ಯರ್ಥಿಗೆ 21 ವರ್ಷ ತುಂಬಿದ್ದು, ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಸಾಮಾನ್ಯ ಮಹಿಳೆ ಸ್ಥಾನಕ್ಕೆ ಯಾವುದೇ ಜಾತಿಯ ಮಹಿಳೆ ಸ್ಪರ್ಧಿಸಬಹುದಾಗಿದ್ದು, ಮಹಿಳೆಗೆ ಮೀಸಲಿಲ್ಲದ ಸ್ಥಾನಕ್ಕೂ ಅಡ್ಡಿಯಿರುವುದಿಲ್ಲ. ಪರಿಶಿಷ್ಟ ಜಾತಿ ಅಥವಾ ಪಂಗಡದ ಮಹಿಳೆಗೆ ಮೀಸಲಾದ ಸ್ಥಾನವಾದಲ್ಲಿ ಜಾತಿ ಪ್ರಮಾಣಪತ್ರ ಅಗತ್ಯ. ವಿವಾಹಿತೆಯರು ಪತಿಯ ಜಾತಿಯ ದಾಖಲೆಗಳೊಂದಿಗೆ ನಾಡಕಚೇರಿಗೆ ಬಂದು ಹಿಂದಿರುಗುವ ಪ್ರಸಂಗಗಳು ಇರುತ್ತವೆ. ಜಾತಿಯು ಜನ್ಮದಿಂದ ನಿರ್ಧಾರವಾಗುವುದರಿಂದ ತಂದೆಯ ಕಡೆಯ ದಾಖಲೆಗಳನ್ನೇ ತರತಕ್ಕದ್ದು. ತವರು ದೂರವಿದ್ದಲ್ಲಿ ಅವುಗಳನ್ನು ಚುನಾವಣೆ ಘೋಷಣೆಗೆ ಮುನ್ನವೇ ತರಿಸಿಕೊಳ್ಳುವುದು ಒಳಿತು. ಆಯ್ಕೆಯಾದ ಸದಸ್ಯೆಯ ಪರವಾಗಿ ಸಭೆಯಲ್ಲಿ ಕುಳಿತುಕೊಳ್ಳಲು ಅಥವಾ ಸಹಿ ಮಾಡಲು ಆಕೆಯ ಪತಿಗಾಗಲಿ, ಬಂಧುಗಳಿಗಾಗಲಿ ಅಧಿಕಾರವಿರುವುದಿಲ್ಲ.